ಕೀಳದೆ ಬಿಟ್ಟ ಫಾಸ್ಟ್ಯಾಗ್

ಅಸದ,

ಇದನ್ನು ನಿನಗೆ ಕಳಿಸುವುದಿಲ್ಲ. ನೀನು ನನ್ನ ಕಾರು ಕೊಂಡ ದಿನ, ಗಾಜಿಗೆ ಅಂಟಿಸಿದ್ದ ನನ್ನ ಖಾತೆಯ ಫಾಸ್ಟ್ಯಾಗ್ ಕೀಳಲು ಹೋದ ನನ್ನ ಕೈ ಹಿಡಿದು, "ಇರ್ಲಿ ಬಿಡೋ, ನೀ ಬ್ಯಾರೆ ನಾ ಬ್ಯಾರೆ ಏನು?" ಎಂದಿದ್ದೆ. ಮೂರು ತಿಂಗಳಾದ ಮೇಲೆ ನಾನು ಟೋಲಿನ ದುಡ್ಡು ಕೇಳಿದೆ. ಅಲ್ಲಿಗೆ ನಿನ್ನ ಫೋನು ಬರುವುದು ನಿಂತಿತು. ನನ್ನ ಖಾತೆಯಿಂದ ಟೋಲು ಹೋಗುವುದು ನಿಲ್ಲಲಿಲ್ಲ.

ಸಾಕಾಗಿ, ಇವತ್ತು ಆ ಫಾಸ್ಟ್ಯಾಗ್ ಬಂದ್ ಮಾಡಿಸಲು ಸೇಡಂನ ಬ್ಯಾಂಕಿಗೆ ಹೋದೆ. ಗುಮಾಸ್ತೆ ಪಟ್ಟಿ ನೋಡಿ, "ಈ ತಿಂಗಳದಾಗ ಎಂಟು ಸಲ ಹೈದರಾಬಾದಿಗೆ ಹೋಗ್ಯಾದ್ರಿ. ಮುಂಜಾನಿ ಹೋಗಿ ಸಂಜಿಗಿ ವಾಪಸ್. ದವಾಖಾನಿಗೇನ್ರಿ?" ಎಂದಳು.

ನನಗೇನು ಗೊತ್ತು? ನಿನ್ನ ಅಮ್ಮಿಯ ಮಂಡಿನೋವಷ್ಟೇ ನನಗೆ ಗೊತ್ತಿದ್ದದ್ದು.

"ಗಾಡಿ ಬ್ಯಾರೇವ್ರದಿದ್ರ ಬಂದ್ ಮಾಡ್ತೀನ್ರಿ."

"ಬ್ಯಾರೇವ್ರದಲ್ರಿ," ಎಂದೆ. ಫಾಸ್ಟ್ಯಾಗಿಗೆ ಇನ್ನೂ ಸಾವಿರ ರೂಪಾಯಿ ತುಂಬಿ ಬಂದೆ. ಗಾಡಿಯಲ್ಲಿರುವುದು ಅಮ್ಮಿಯೇ ಆಗಿದ್ದರೆ, ಟೋಲ್ ಗೇಟಿನಲ್ಲಿ ಅವರು ಕಾಯುವುದು ಬೇಡ.