ಮಿಲ್ಲಿನ ಕೈಸನ್ನೆ

ಯವ್ವಾ,

ಬದುಕಿದ್ದಾಗ ನಿನಗ ಓದಾಕ ಬರ್ತಿರಲಿಲ್ಲ. ಈಗರೆ ಬರ್ತೈತೇನು? ಬರದಿದ್ರ ಯಾರನ್ನರೆ ಹಿಡಿದು ಓದಿಸ್ಕೊ. ನಿನಗೇನು, ಹೋದಲ್ಲೆಲ್ಲಾ ಗೆಳತ್ಯಾರು!

ನೀನು ದುಡಿದ ನೂಲಿನ ಮಿಲ್ಲು ಈಗ ಮ್ಯೂಸಿಯಂ ಆಗೇತಿ. ಡ್ಯೂಟಿ ಮುಗಿಸಿ ನೀನು ಸೀರಿ ಜಾಡಿಸ್ಕೊಂಡು ಹೊರಗ ಬರ್ತಿದ್ದ ಗೇಟಿನಾಗಽ ಹೊಸಪೇಟಿ ಮಂದಿ ಟಿಕೆಟ್ ತಗೊಂಡು ಒಳಗ ಹೋಗ್ತಾರ. ನಗು ಬರ್ತೈತಿಲ್ಲೋ? ನೆಲ ಭಾಳ ಸ್ವಚ್ಛ, ಒಂದೆಳಿ ಹತ್ತಿ ಇಲ್ಲ. ನಿನ್ನ ಎದ್ಯಾಗ ಹೊಕ್ಕ ಧೂಳು ಮಾತ್ರ ಯಾರೂ ಗುಡಿಸ್ಲಿಲ್ಲ.

ಕಡೀ ದಿನ ನೆನಪೈತೇನು? ಕೆಮ್ಮಿ ಕೆಮ್ಮಿ ದನಿ ಹೋಗಿತ್ತು. ಮಿಲ್ಲಿನ ಗದ್ದಲದಾಗ ಮಾಡ್ತಿದ್ದ ಕೈಸನ್ನೀಲೇ ನನ್ನ ಕೂಡ ಮಾತಾಡ್ತಿದ್ದಿ. ನೀರು ಕೊಡು, ಹೊತ್ತಾತು, ಉಣ್ಣು ಹೋಗು, ಇವೆಲ್ಲ ನನಗ ಗೊತ್ತಿದ್ವು. ಕಡೀಗೆ ಎರಡು ಬೆರಳು ಎದಿಗೆ ಬಡಿದು, ಅಂಗೈ ಬಾಗಿಲ ಕಡೆ ತಿರುವಿದಿ. ಅದು ತಿಳೀಲಿಲ್ಲ. "ಏನು ಯವ್ವಾ?" ಅಂದ್ನಿ. ಮತ್ತ ಅದನ್ನೇ ಮಾಡಿದಿ. ಆಮ್ಯಾಲೆ ಕೈ ಕೆಳಗ ಬಿತ್ತು. ಅವತ್ತಿಂದ ಅನ್ನ ಕಲಸುವಾಗ, ಬಸ್ಸಿನಾಗ ಕುಂತಾಗ, ಆ ಕೈ ಕಣ್ಮುಂದ ಬರ್ತೈತಿ. ಏನು ಕೇಳಿದ್ದಿ? ನಾನು ಕೊಡದಽ ಉಳಿದದ್ದು ಏನು...

ಕಂಪ್ಲಿಗೆ ಹೋಗಿ ಗಂಗತ್ತಿನ್ನ ಕೇಳಿದ್ನಿ. ಅದೇ, ನಿನ್ನ ಪಕ್ಕದ ಮಿಷಿನ್ ನೋಡ್ತಿದ್ದಾಕಿ. "ಮನ್ಯಾಗ ಕುಂತು ಕೇಳಿದ್ರ ಹೆಂಗ ಹೇಳ್ಲಿ? ಮಿಷಿನ್ ಮುಂದ ನಿಂತ್ರ ಕೈಗೆ ನೆನಪಾಗ್ತೈತಿ" ಅಂದ್ಲು. ಮ್ಯೂಸಿಯಂಗೆ ಕರ್ಕೊಂಡು ಹೋದ್ನಿ.

ಅಲ್ಲಿಯ ಹುಡುಗಿ ಒಂದು ಬಟನ್ ಒತ್ತಿದ್ಲು ನೋಡು, ಮಿಲ್ಲಿನ ಗದ್ದಲ ಒಮ್ಮೆಲೇ ಎದ್ದು ಬಂತು. ಮಿಷಿನ್ ಒಂದೂ ತಿರುಗವಲ್ದು, ರೆಕಾರ್ಡಿನ ಸಪ್ಪಳ ಅಷ್ಟೇ. ಗಂಗತ್ತಿ ಕೈ ತಾನೇ ಎದ್ದಿತು. ನೀನು ನಿಂದ್ರತಿದ್ದ ಜಾಗಾದ ಕಡೆ ನೋಡಿ, ಎರಡು ಬೆರಳು ಎದಿಗೆ ಬಡಿದು, ಅಂಗೈ ಬಾಗಿಲಿಗೆ ತಿರುವಿದ್ಲು. ತಿರುವಿ, ನೀನು ಹೂಂ ಅನ್ನೋತನಕ ಕಾಯೋರಂಗ ನಿಂತ್ಲು. ಅಲ್ಲಿ ಯಾರೂ ಇರಲಿಲ್ಲ. ಇರಲಿಲ್ಲ ಅಂತ ಬರಿಯಾಕ ಈಗ್ಲೂ ಧೈರ್ಯ ಸಾಲವಲ್ದು.

"ಅತ್ತೀ, ಅದೇ! ಏನದು?" ಅಂತ ಕಿವಿಯಾಗ ಕೂಗಿದ್ನಿ.

"ಇದಾ? ದಿನಾ ಮಾಡ್ತಿದ್ವಲ್ಲಲೇ! 'ನನ್ನ ಮಿಷಿನ್ ನೋಡ್ಕೊ, ಹೊರಗ ಗಾಳಿಗೆ ಹೋಗಿ ಬರ್ತೀನಿ' ಅಂತ. ಹೋದಾಕಿ ಬರೋತನಕ ಆಕಿ ಮಿಷಿನ್ನಿನ ಎಳಿ ಹರಿದ್ರ ನಾವು ಗಂಟು ಹಾಕ್ಬೇಕು." ಹೇಳ್ತಾ ಹೇಳ್ತಾ ಆಕಿಗೆ ಗೊತ್ತಾತು, ನಾನ್ಯಾಕ ಕೇಳಿದ್ನಿ ಅಂತ. ಸೆರಗು ಬಾಯಿಗೆ ಒತ್ಕೊಂಡ್ಲು.

ಅಷ್ಟೇನಾ ಯವ್ವಾ? ನಾನು ಏನೇನೋ ಅಂದ್ಕೊಂಡು ಸಾಯ್ತಿದ್ನಲ್ಲ!

ಆತು, ಈಗ ಹೂಂ ಅಂತೀನಿ. ಮನಿ ನೋಡ್ಕೊಂತೀನಿ, ತಮ್ಮನ್ನ ನೋಡ್ಕೊಂತೀನಿ, ಹರಿದದ್ದು ಹರಿದಂಗ ಗಂಟು ಹಾಕ್ತೀನಿ. ನೀನು ಮಾತ್ರ ಜಲ್ದಿ ಮಾಡಬ್ಯಾಡ. ತಿರುಗಿ ಬರೋದೂ ಬ್ಯಾಡ. ಹೊರಗ ಗಾಳಿ ಮಸ್ತ್ ಐತಿ, ಅಲ್ಲೇ ಕುಂದ್ರು. ಎದಿ ತುಂಬ ಉಸಿರು ತಗೊ.