ಬಿಡೋದಕ್ಕೆ ಏನೂ ಇಲ್ಲದ ಕುಡುಕ

ಅಡುಗೆಮನೆಯಿಂದ,
ಮಾರ್ಚ್ ೧೨, ಬುಧವಾರ ಮಧ್ಯಾಹ್ನ

ನನ್ನ ಗುಬ್ಬೀ,

ಹೇಗಿದ್ದೀಯ? ಬೆನ್ನುನೋವು ಕಡಿಮೆ ಆಯ್ತಾ? ಐದು ತಿಂಗಳ ಹೊಟ್ಟೆ ಇಟ್ಟುಕೊಂಡು ಬಸ್ಸಿನಲ್ಲಿ ನಿಂತು ಹೋಗಬೇಡ, ಯಾರನ್ನಾದರೂ ಕೇಳಿ ಸೀಟು ಹಿಡಿ, ನಾಚಿಕೆ ಪಡಬೇಡ. ಬಚ್ಚಲಲ್ಲಿ ಕಾಲು ಜಾರೀತು, ಹುಷಾರು. ಗ್ಯಾಸ್ ಆಫ್ ಮಾಡಿದ್ದೀಯಾ ಅಂತ ಮಲಗುವ ಮುಂಚೆ ಇನ್ನೊಂದು ಸಲ ನೋಡು. ಇಲ್ಲಿ ಕೂತು ನನಗೆ ಅದೇ ಯೋಚನೆ. ನಿಮ್ಮನೆ ಗ್ಯಾಸಿನ ವಾಸನೆ ಇಲ್ಲಿಗೇ ಬಂದ ಹಾಗಾಗಿ, ಎದ್ದು ಹೋಗಿ ನಮ್ಮನೆಯದನ್ನು ನೋಡಿ ಬರುತ್ತೇನೆ. ನಗಬೇಡ.

ಫೋನ್ ಇರುವಾಗ ಕಾಗದ ಯಾಕೆ ಅಂತೀಯ. ನೀನು ಎತ್ತಿದ ಕೂಡಲೇ ಸ್ಪೀಕರ್ ಹಾಕ್ತೀಯ, ಹಿಂದೆ ನಿಮ್ಮತ್ತೆ ಕೆಮ್ಮೋದು ನನಗೆ ಕೇಳಿಸುತ್ತೆ. ನನ್ನನ್ನು ಐದನೇ ಕ್ಲಾಸಿಗೇ ಸ್ಕೂಲು ಬಿಡಿಸಿದರು, ತಪ್ಪಿದ್ದರೆ ಸರಿ ಮಾಡಿಕೊಂಡು ಓದು. ಅಕ್ಷರ ಮಾತ್ರ ದುಂಡಗಿದೆ, ಯಾಕಂದರೆ ಮದುವೆಯಾದ ಮೇಲೆ ಅದನ್ನು ತಿದ್ದಿಸಿದ್ದು ನಿಮ್ಮಪ್ಪ. ಮನೆಗೆ ಬರುವ ಕವರನ್ನೆಲ್ಲ ನಿಮ್ಮತ್ತೆಯೇ ಮೊದಲು ಒಡೆದು ಓದುತ್ತಾರೆ ಅಂತ ನೀನೇ ಹೇಳಿದ್ದೆ. ಅದಕ್ಕೆ ಇದನ್ನು ನಿನ್ನ ಆಫೀಸಿನ ವಿಳಾಸಕ್ಕೆ ಹಾಕುತ್ತೇನೆ. ಓದಿ ಹರಿದುಹಾಕು.

ಭಾನುವಾರ ನಿಮ್ಮ ಮಾವ ಬಂದಿದ್ದರು. ಬರ್ತೀನಿ ಅಂತ ಹೇಳಿಯೂ ಇರಲಿಲ್ಲ. ನಿಮ್ಮಪ್ಪ ಆಗಷ್ಟೇ ಸ್ನಾನ ಮುಗಿಸಿ ಅಂಗಿಯ ಗುಂಡಿಯ ಜೊತೆ ಒದ್ದಾಡುತ್ತಿದ್ದರು. ನಾನು ಹಾಕಲು ಹೋದರೆ ಕೈ ತಳ್ಳುತ್ತಾರೆ, ಗೊತ್ತಲ್ಲ. ಅರ್ಧ ಗುಂಡಿ ಹಾಕಿದ ಅಂಗಿಯಲ್ಲೇ ಬಂದು ಕೂತರು. ಟೀ ಕೊಟ್ಟೆ. ಲೋಟಕ್ಕೆ ಅರ್ಧವೇ ಹಾಕಿದ್ದೆ, ಆದರೂ ಎದೆ ಮೇಲೆ ಚೆಲ್ಲಿಕೊಂಡರು. ನಿಮ್ಮ ಮಾವ ನಕ್ಕು, "ಏನ್ ಬೀಗರೇ, ಬೆಳಗ್ಗೆ ಬೆಳಗ್ಗೇನೇ ಶುರುವಾ?" ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು, ನನ್ನ ಸಂಕಟವೇ ಅದು. ತಮ್ಮ ಕರವಸ್ತ್ರ ತೆಗೆದು ತಾವೇ ಒರೆಸಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ತಮ್ಮ ಅಣ್ಣನೂ ಹೀಗೇ ಇದ್ದ, ಕುಡಿತ ಬಿಡಿಸುವ ಕಡೆ ಮೂರು ತಿಂಗಳು ಹಾಕಿದೆವು, ಈಗ ನೀರು ಬಿಟ್ಟರೆ ಬೇರೇನೂ ಮುಟ್ಟಲ್ಲ ಅಂತೆಲ್ಲ ಹೇಳಿದರು. "ಮಗು ಬರೋ ಹೊತ್ತಿಗೆ ನೀವು ನೆಟ್ಟಗಾಗಬೇಕು. ಈ ಕೈಗೆ ಮೊಮ್ಮಗು ಕೊಡೋಕಾಗುತ್ತಾ, ನೀವೇ ಹೇಳಿ" ಅಂದರು. ನಿಮ್ಮಪ್ಪನ ಮುಖದಲ್ಲಿ ಈಗ ನಗುವೂ ಕಾಣಲ್ಲ, ಅಳುವೂ ಕಾಣಲ್ಲ, ಒಣಗಿದ ಬಣ್ಣದ ಹಾಗೆ ಇರುತ್ತೆ. ಅದನ್ನು ಸೊಕ್ಕು ಅಂದುಕೊಂಡು ನಿಮ್ಮ ಮಾವ ಇನ್ನಷ್ಟು ಬುದ್ಧಿ ಹೇಳಿದರು. ಕೊನೆಗೆ ನಿಮ್ಮಪ್ಪ ಬಾಯಿ ಬಿಟ್ಟರು. ಏನಂದರು ಗೊತ್ತಾ? "ಬಿಡ್ತೀನಿ ಬೀಗರೇ." ಬಿಡ್ತಾರಂತೆ! ಜೀವಮಾನದಲ್ಲಿ ಒಂದು ತೊಟ್ಟು ಬಾಯಿಗೆ ಹಾಕದವರು. ಟರ್ಪೆಂಟೈನ್ ವಾಸನೆ ಬಿಟ್ಟರೆ ಆ ಅಂಗಿಯಲ್ಲಿ ಬೇರೆ ವಾಸನೆ ನಾನು ಕಂಡಿಲ್ಲ. ಕುಡುಕನಿಗಾದರೆ ಬಿಡೋದಕ್ಕೆ ಒಂದು ಬಾಟಲಿ ಇರುತ್ತೆ. ಇವರು ಏನು ಬಿಡಬೇಕು, ಕೈ ಕಳಚಿ ಇಡಬೇಕಾ?

ಈ ಕುಡಿತದ ಮಾತು ಎಲ್ಲಿ ಹುಟ್ಟಿತು ಅಂತ ಕೂತು ಯೋಚಿಸುತ್ತೇನೆ. ಬೋರ್ಡು ಬರೆಯುವ ಪೇಂಟರುಗಳೆಲ್ಲ ಮೊದಲು ಸೀಮೆಸುಣ್ಣದ ಪುಡಿ ಹಚ್ಚಿದ ನೂಲನ್ನು ಈ ತುದಿಯಿಂದ ಆ ತುದಿಗೆ ಬಿಗಿದು ಗೆರೆ ಹೊಡೆದುಕೊಳ್ಳುತ್ತಾರೆ, ಮೇಲೊಂದು ಕೆಳಗೊಂದು, ಆಮೇಲೆ ಅದರೊಳಗೆ ಅಕ್ಷರ. ನಿಮ್ಮಪ್ಪ ಮಾತ್ರ ನೂಲು ಮುಟ್ಟುತ್ತಿರಲಿಲ್ಲ. "ನೂಲು ಕಲಿಯೋರಿಗೆ, ನನಗೆ ಕಣ್ಣಿದೆ" ಅನ್ನುತ್ತಿದ್ದರು. ಆ ಜಂಬ ಇಲ್ಲದಿದ್ದರೆ ಕೈ ಕೆಟ್ಟಿದ್ದನ್ನು ಇನ್ನೂ ಸ್ವಲ್ಪ ಕಾಲ ಮುಚ್ಚಿಕೊಂಡಿರಬಹುದಿತ್ತೇನೋ. ಕಬ್ಬಿಣದಂಗಡಿಯ ಬೋರ್ಡಿನಲ್ಲಿ ಮೊದಲ ಅಕ್ಷರ ಗೇಣುದ್ದ, ಕೊನೆಯದು ಬೆರಳುದ್ದ. ಏಣಿ ಮೇಲಿದ್ದವರಿಗೆ ಗೊತ್ತೇ ಆಗಿಲ್ಲ. ಕೆಳಗಿಳಿದು ನೋಡಿದರೆ, ದೂರ ಹೋಗುತ್ತಿರುವ ರೈಲಿನ ಹಾಗೆ ಹೆಸರು ಸಣ್ಣದಾಗುತ್ತಾ ಹೋಗಿದೆ. ಅಂಗಡಿಯವ ಬೀದಿಗೆಲ್ಲ ಕೇಳುವ ಹಾಗೆ, "ಕೊನೆ ಅಕ್ಷರಕ್ಕೆ ಬರೋ ಹೊತ್ತಿಗೆ ಬಾಟ್ಲಿ ಖಾಲಿ ಆಗಿತ್ತಾ ಪೇಂಟ್ರೇ?" ಅಂದ. ನಕ್ಕವರೆಲ್ಲ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋದರು. ಡಾಕ್ಟರು ಪಾರ್ಕಿನ್ಸನ್ ಅಂತ ಹೆಸರು ಹೇಳಿದ್ದು, ಅಕ್ಷರ ಸಣ್ಣದಾಗುವುದೂ ಆ ಕಾಯಿಲೆಯದೇ ಗುರುತು ಅಂದಿದ್ದು ಆಮೇಲೆ. ಆದರೆ ಆ ಹೆಸರನ್ನು ಯಾರಿಗೆ ಹೇಳೋದು? ಎದುರುಮನೆಯವಳಿಗೆ ಒಮ್ಮೆ ಹೇಳಿದೆ. "ಯಾರ ಹೊಟ್ಟೆ ಉರಿಸಿದ್ದರೋ, ಕೈಗೇ ಬಂತು ನೋಡಿ" ಅಂದಳು. ಮಾರನೇ ದಿನದಿಂದ ತನ್ನ ಮಗುವನ್ನು ನಮ್ಮ ಬಾಗಿಲಿಗೆ ಬಿಡಲಿಲ್ಲ. ಅದೇ ಬೀದಿಯಲ್ಲಿ ಕುಡಿದು ಚರಂಡಿಗೆ ಬೀಳುವ ಮೆಕ್ಯಾನಿಕ್‌ನನ್ನು ನಾಲ್ಕು ಜನ ಎತ್ತಿ, ತಮಾಷೆ ಮಾಡುತ್ತಾ ಮನೆ ಮುಟ್ಟಿಸುತ್ತಾರೆ. ಕುಡಿದು ನಡುಗಿದರೆ ಗಂಡಸು, ಕಾಯಿಲೆಯಿಂದ ನಡುಗಿದರೆ ಪಾಪಿ. ಚೆನ್ನಾಗಿದೆ ನಮ್ಮ ಜನರ ನ್ಯಾಯ.

ನಿನಗೂ ಈ ನ್ಯಾಯ ಬೇಗ ಅರ್ಥವಾಯಿತು. ಮದುವೆ ಮಾತಿಗೆ ಕೂತ ದಿನ ನಿಮ್ಮತ್ತೆ ಅಪ್ಪನ ಕೈಯನ್ನೇ ನೋಡುತ್ತಾ, "ರಕ್ತದಲ್ಲಿ ಬರೋ ಕಾಯಿಲೆಗೀಯಿಲೆ ಇದ್ದರೆ ಈಗಲೇ ಹೇಳಿಬಿಡಿ" ಅಂದಾಗ, ನಾನು ಬಾಯಿ ತೆರೆಯುವ ಮೊದಲೇ ನೀನು, "ಅಪ್ಪ ಸ್ವಲ್ಪ ತಗೋತಾರೆ, ಅಷ್ಟೇ" ಅಂದೆ. ಎಲ್ಲರೂ ನಕ್ಕರು. "ಯಾವ ಮನೇಲಿಲ್ಲ ಬಿಡಮ್ಮ" ಅಂತ ನಿಮ್ಮತ್ತೆಯ ಮುಖ ಅರಳಿತು. ಎಮ್ಮೆ ಕೊಳ್ಳುವವರು ಹಲ್ಲು ನೋಡುವ ಹಾಗೆ ರಕ್ತ ವಿಚಾರಿಸಿದ ಹೆಂಗಸು! ಇದು ರಕ್ತದಲ್ಲಿ ಬರೋದು ಅಪರೂಪ ಅಂತ ಡಾಕ್ಟರು ನಿನ್ನೆದುರೇ ಹೇಳಿದ್ದರು. ನಿನಗೆ ನೆನಪಿಲ್ಲದೇ ಇಲ್ಲ. ನಿಮ್ಮಪ್ಪ ಆ ಹೊತ್ತು ತಲೆ ತಗ್ಗಿಸಿದವರು ಇನ್ನೂ ಎತ್ತಿಲ್ಲ. ಕತ್ತು ಬಿಗಿದಿರುವುದೂ ಕಾಯಿಲೆಯೇ ಅಂತಾರೆ, ಇರಬಹುದು.

ಈಗ ಮುಖ್ಯ ವಿಷಯ ಕೇಳು. ಸೋಮವಾರ ನಿಮ್ಮ ಮಾವ ಕಾರು ತಂದು ಇವರನ್ನು ಆ ಕುಡಿತ ಬಿಡಿಸುವ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಗೇಟಿನಲ್ಲೇ ಜೇಬು ಖಾಲಿ ಮಾಡಿಸುತ್ತಾರಂತೆ, ಮಾತ್ರೆಗಿತ್ರೆ ಏನೂ ಒಳಗೆ ಬಿಡಲ್ಲವಂತೆ. ಇವರ ಕಾಯಿಲೆಯ ಮಾತ್ರೆಯನ್ನು ಒಂದೇ ಸಲಕ್ಕೆ ನಿಲ್ಲಿಸಿದರೆ ಮೈ ಮರದ ಹಾಗೆ ಸೆಟೆದು ಜೀವಕ್ಕೇ ಅಪಾಯ ಅಂತ ಡಾಕ್ಟರು ಬೆರಳು ಮಾಡಿ ಹೇಳಿದ್ದಾರೆ. ಇದನ್ನೇ ನಿನ್ನೆ ಫೋನಿನಲ್ಲಿ ಹೇಳಲು ಹೋದರೆ ನೀನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು, "ಮೂರು ತಿಂಗಳು ತಾನೇ ಅಮ್ಮ, ಹೇಗೋ ಅಡ್ಜಸ್ಟ್ ಮಾಡ್ಕೊಳ್ಳಲಿ" ಅಂತ ಪಿಸುಗುಟ್ಟಿದೆ. ನಾನು ಮಾತಾಡುವಷ್ಟರಲ್ಲಿ ಫೋನ್ ಇಟ್ಟೇಬಿಟ್ಟೆ. ಇವರನ್ನು ಕೇಳಿದರೆ, "ಹೋಗಿಬರ್ತೀನಿ ಬಿಡೇ, ಅವಳ ಮನೆ ಸುಖವಾಗಿರಲಿ" ಅಂತಾರೆ. ಹೋಗಿಬರ್ತಾರಂತೆ. ಹೋಗೋದು ಗೊತ್ತು, ಬರೋದು ಯಾರಿಗೆ ಗೊತ್ತು? ಒಬ್ಬರಿಗೆ ಮರ್ಯಾದೆ ದೊಡ್ಡದು, ಇನ್ನೊಬ್ಬರಿಗೆ ಮಗಳು ದೊಡ್ಡವಳು. ನಡುವೆ ಮಾತ್ರೆ ಎಣಿಸಿಕೊಂಡು ಕೂತವಳು ನಾನು.

ಗುಬ್ಬೀ, ಶಪಿಸಬೇಕು ಅಂತ ಪೆನ್ನು ಹಿಡಿದಿಲ್ಲ. ಆದರೆ ಹೊಟ್ಟೆ ಉರಿಯುತ್ತೆ. ಆ ಮನುಷ್ಯ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರಿನ ಬೋರ್ಡುಗಳನ್ನೆಲ್ಲ ತೋರಿಸಿ ಓದು ಕಲಿಸಿದವರು. ನಿಮ್ಮ ಮಾವನ ಹತ್ತಿರ ಒಂದು ಮಾತು, ನಿಜವಾದ ಒಂದು ಮಾತು ಹೇಳು. ಹೇಳ್ತೀಯಾ? ಹೇಳಲ್ಲ. ನನಗೆ ಗೊತ್ತು.

ಹೊತ್ತಿಗೆ ಸರಿಯಾಗಿ ತಿನ್ನು. ಹೊಟ್ಟೆಯಲ್ಲಿರುವುದಕ್ಕೆ ನಮ್ಮಿಬ್ಬರ ಆಶೀರ್ವಾದ, ಅಳಿಯಂದಿರಿಗೆ ಕೇಳಿದೆ ಅಂತ ಹೇಳು.

ಇತಿ,
ನಿದ್ದೆ ಇಲ್ಲದ ನಿನ್ನ ಅಮ್ಮ

ಮರೆತಿದ್ದು: ನಿಮ್ಮಪ್ಪ ಎದ್ದು ಬಂದರು. ಯಾರಿಗೆ ಅಂದರು, ನಿನಗೆ ಅಂದೆ. ನಾನೂ ಒಂದು ಸಾಲು ಬರೆಯುತ್ತೀನಿ ಅಂತ ಪೆನ್ನು ಕಿತ್ತುಕೊಂಡು, ಒಂದು ಗೆರೆ ಎಳೆದುಕೊಡು ಅಂದರು. ಅವರು, ನನ್ನ ಹತ್ತಿರ ಗೆರೆ ಕೇಳಿದರು! ಎಳೆದುಕೊಟ್ಟೆ. ಕೆಳಗಿರುವುದು ಅದೇ. "ಮಗಳೇ ಸುಖವಾಗಿ" ಅಂತ ಇದೆ, ಮುಂದಿನದು ಇರುವೆ ಸಾಲಿನ ಹಾಗಾಗಿ ಓದಲು ಬರಲ್ಲ.

ಕವರಿನ ಮೇಲೆ ಆಫೀಸಿನ ವಿಳಾಸ ಬರೆದಿದ್ದೆ. ಹರಿದುಹಾಕಿ ಇನ್ನೊಂದು ಕವರು ತಂದು ನಿಮ್ಮನೆಯ ವಿಳಾಸ ಬರೆದೆ. ಸ್ಪೀಡ್ ಪೋಸ್ಟು, ಶನಿವಾರ ತಲುಪುತ್ತೆ.

ಬೀಗಿತ್ತಿಯವರೇ, ಮೊದಲು ಓದುತ್ತಿರುವುದು ನೀವೇ ಅಂತ ಗೊತ್ತು. ನಿಮ್ಮ ಬಗ್ಗೆ ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ. ಅವರ ಸಾಲನ್ನು ಯಾವ ಡಾಕ್ಟರಿಗಾದರೂ ತೋರಿಸಿ, ಕುಡಿತವೋ ಕಾಯಿಲೆಯೋ ಹೇಳುತ್ತಾರೆ. ಸೋಮವಾರ ಕಾರು ನಮಗೆ ಬೇಡ. ನಮ್ಮ ರಕ್ತ ನಿಮಗೆ ಬೇಡ ಅನ್ನಿಸಿದರೆ ಅದೇ ಕಾರಿನಲ್ಲಿ ನನ್ನ ಮಗಳನ್ನು ಕೂರಿಸಿ ಕಳಿಸಿ. ರಸ್ತೆ ತುಂಬ ಗುಂಡಿ ಇದೆ, ಬಸುರಿ ಹೆಂಗಸು, ನಿಧಾನಕ್ಕೆ ಓಡಿಸೋಕೆ ಹೇಳಿ.