ಸೀಟು ಬಿಚ್ಚಿದ ಮೇಲೆ

ರೀ, ಇಲ್ಲಿ ಸ್ವಲ್ಪ ಕೇಳಿ,

ಪಕ್ಕದ ಕೋಣೆಯಲ್ಲಿ ಮಲಗಿರುವ ಗಂಡನಿಗೆ ಕಾಗದ ಬರೆಯುತ್ತಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯೇ ಎಂದುಕೊಳ್ಳಬೇಡಿ. ಎದುರು ಕೂತು ಹೇಳಲು ಧೈರ್ಯ ಸಾಲಲಿಲ್ಲ. ಊಟವಾಗಿ ನಿಮಗೆ ಜೋಂಪು ಹತ್ತಿದೆ, ಗೊರಕೆ ಇಲ್ಲಿಗೆ ಕೇಳಿಸುತ್ತಿದೆ. ಹೊಲಿಯುತ್ತಿದ್ದ ಶಾಲೆಯ ಸಮವಸ್ತ್ರ ಬದಿಗೆ ಸರಿಸಿ, ಮಿಷನ್ನಿನ ಮೇಲೆಯೇ ಹಾಳೆ ಇಟ್ಟುಕೊಂಡಿದ್ದೇನೆ. ಈಗೀಗ ಪೇಪರಿನ ತಲೆಬರಹ ಓದುತ್ತೀರಲ್ಲ, ಅದೇ ಅಳತೆಗೆ ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ.

ಮೂರು ದಿನದಿಂದ ನಾನು ನಿಮ್ಮ ಬೈಕಿನ ಸೀಟಿನ ಜೊತೆ ಗುದ್ದಾಡುತ್ತಿದ್ದುದು ನಿಮಗೆ ಕೇಳಿಸಿಯೇ ಇರುತ್ತದೆ. ಎಂಟು ತಿಂಗಳು ನಿಂತಲ್ಲೇ ನಿಂತು ಬ್ಯಾಟರಿ ಸತ್ತಿತ್ತು. ಬ್ಯಾಟರಿ ಇರುವುದು ಸೀಟಿನ ಕೆಳಗೆ. ಸೀಟಿನ ಲಾಕಿಗೆ ಕೀ ಹಾಕಿದರೆ ಅದು ತಿರುಗಲೊಲ್ಲದು. ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟೆ. ಹಿಂದಿನಿಂದ ಎಳೆದೆ, ಪಕ್ಕದಿಂದ ಅಲ್ಲಾಡಿಸಿದೆ, ಗೋಡೆಗೆ ಕಾಲು ಕೊಟ್ಟು ಜಗ್ಗಿದೆ. ಜಪ್ಪಯ್ಯ ಅಂದರೂ ಮಿಸುಕಲಿಲ್ಲ. ಯಜಮಾನರ ಬುದ್ಧಿಯೇ ಇದಕ್ಕೂ ಬಂದಿದೆ ಎಂದು ಬೈದೂ ನೋಡಿದೆ. ಎರಡು ಉಗುರು ಮುರಿದವು, ಸೊಂಟ ಹಿಡಿದುಕೊಂಡಿತು. ಬೆಳಗ್ಗೆ ನಿಮ್ಮನ್ನು ಎತ್ತಿ ಕೂರಿಸಿ, ಮೈ ಒರೆಸಿ, ಹಾಸಿಗೆ ಬದಲಿಸಿ ಬಂದ ಸೊಂಟ, ಅದಾದರೂ ಎಷ್ಟಕ್ಕೆಂದು ತಡೆದೀತು. ಕೊನೆಗೆ ಆ ಸೀಟಿನ ಮೇಲೆ ತಲೆಯಿಟ್ಟು ಸುಮ್ಮನೆ ನಿಂತುಬಿಟ್ಟೆ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ, ಅಳುವುದಕ್ಕೂ ಸುಸ್ತಾಗಿತ್ತು.

ನಿನ್ನೆ ಮೂಲೆಯ ಗ್ಯಾರೇಜಿನವರನ್ನು ಕರೆತಂದೆ. ತಲೆ ನರೆತ, ಅವಸರವಿಲ್ಲದ ಮನುಷ್ಯ. ಅರ್ಧ ಗಂಟೆ ತಿಣುಕಿ, "ಅಕ್ಕ, ಇದನ್ನ ಒಡೆದೇ ತೆಗೀಬೇಕು. ಅದಕ್ಕೆ ಮುಂಚೆ ಯಜಮಾನರನ್ನ ಒಂದ್ಸಲ ಕೇಳಿ. ಹಳೇ ಗಾಡಿಗೆ ಒಂದೊಂದು ಉಪಾಯ ಇರುತ್ತೆ, ಓಡಿಸಿದವರಿಗೇ ಗೊತ್ತು" ಎಂದರು. ಕೇಳಿ ಏನು ಮಾಡುವುದು, ಲಕ್ವ ಹೊಡೆದಾಗಿನಿಂದ ಅವರಿಗೆ ಮಾತು ಬರುವುದಿಲ್ಲವಲ್ಲ ಎಂದೆ. ಅವರು ಕೈ ಒರೆಸಿಕೊಳ್ಳುತ್ತಾ, "ಮಾತು ಬರಲ್ಲ, ಸರಿ. ಗೊತ್ತಿದ್ದಿದ್ದೂ ಹೋಯ್ತಾ?" ಎಂದು ಕೇಳಿದರು.

ಆ ಮಾತು ನನಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ನೀವು ಎದುರಿಗೇ ಇರುವಾಗ ಡಾಕ್ಟರು ನನ್ನ ಮುಖ ನೋಡಿ, "ಚೆನ್ನಾಗಿ ಊಟ ಮಾಡ್ತಾರಾ?" ಎಂದು ಕೇಳುತ್ತಾರೆ. ನಿಮ್ಮ ತಮ್ಮ ಫೋನು ಮಾಡಿದರೂ ನನ್ನನ್ನೇ ಕೇಳುತ್ತಾನೆ. ಅವರ ಮಾತು ಹಾಗಿರಲಿ, ನಾನೇನು ಕಡಿಮೆಯೇ? ಹಸಿವಾಯಿತಾ, ಬಾತ್‌ರೂಮಿಗಾ, ಫ್ಯಾನು ಹಾಕಲಾ, ಇಷ್ಟು ಬಿಟ್ಟರೆ ಎಂಟು ತಿಂಗಳಲ್ಲಿ ನಿಮ್ಮನ್ನು ಏನು ಕೇಳಿದ್ದೇನೆ ಎಂದು ಯೋಚಿಸಿದೆ. ಒಂದೂ ನೆನಪಾಗಲಿಲ್ಲ.

ಅದಕ್ಕೇ ನಿನ್ನೆ ಮಂಚದ ಅಂಚಿಗೆ ಕೂತು, ಸೀಟು ಬರುತ್ತಿಲ್ಲ ಕಣ್ರೀ, ಹೇಗೆ ತೆಗೆಯುತ್ತಿದ್ದಿರಿ ಎಂದು ಕೇಳಿದ್ದು. ನಿಮ್ಮ ಮುಖ ಬದಲಾಯಿತು. ಎಡಗೈಯನ್ನು ನನ್ನ ಭುಜದ ಮೇಲಿಟ್ಟು ಬಲವಾಗಿ ಕೆಳಕ್ಕೆ ಒತ್ತಿದಿರಿ. ಆಮೇಲೆ ನನ್ನ ಮಣಿಕಟ್ಟು ಹಿಡಿದು ತಿರುಚಿದಿರಿ. ನಾನು ಪೆದ್ದಿಯ ಹಾಗೆ, ಭುಜ ನೋವಾ ಎಂದೆ. ಮತ್ತೆ ಒತ್ತಿದಿರಿ, ಮತ್ತೆ ತಿರುಚಿದಿರಿ. ಮೂರನೆಯ ಸಲ ನಿಮಗೆ ಕೋಪವೇ ಬಂತು. ಕೆಲಸಕ್ಕೆ ಹೋಗುತ್ತಿದ್ದಾಗ ಯಾವುದೋ ಕಟ್ಟಡದ ಲಿಫ್ಟು ರಿಪೇರಿ ಮುಗಿಸಿ ಮನೆಗೆ ಬಂದು, "ಒಳಗೆ ಸಿಕ್ಕಿಕೊಂಡವರು ಸುಮ್ನಿರಲ್ಲ ಕಣೇ, ಬಾಗಿಲು ಎಳೆದಾಡಿ ಇನ್ನೂ ಕೆಡಿಸ್ತಾರೆ" ಎಂದು ರೇಗುತ್ತಿದ್ದಾಗಿನ ಅದೇ ಮುಖ. ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅರ್ಥವಾದ ಮೇಲೂ ಒಂದು ಕ್ಷಣ ಅರ್ಥವಾಗದವಳಂತೆ ಕೂತಿದ್ದೆ.

ಎಳೆಯಬಾರದು, ಮೊದಲು ಒತ್ತಬೇಕು. ಹೋಗಿ ಸೀಟಿನ ಹಿಂದಿನ ತುದಿಯ ಮೇಲೆ ನನ್ನ ಭಾರವನ್ನೆಲ್ಲ ಹಾಕಿ ಕೂತೆ. ಬಗ್ಗಿ ಕೀ ತಿರುಗಿಸಿದೆ. ಟಕ್ ಎಂದಿತು, ಅಷ್ಟೇ. ಇಳಿದು ಎತ್ತಿದರೆ ಸೀಟು ಊಟದ ತಟ್ಟೆಯಷ್ಟು ಸಲೀಸಾಗಿ ಕೈಗೆ ಬಂತು. ಒಳಗಿನಿಂದ ನೀವು ಮಂಚ ಬಡಿದ ಸದ್ದು ಕೇಳಿಸಿತು. ಬಂದು ನೋಡಿದರೆ ಅರ್ಧ ಬಾಯಲ್ಲಿ ನಗುತ್ತಿದ್ದಿರಿ. ಹುಬ್ಬೇರಿಸಿ ಬಾಗಿಲ ಕಡೆ ನೋಡಿದಿರಿ. ಯಾಕೆ ಎಂದು ಕೇಳುತ್ತಿದ್ದೀರಿ ಎಂದು ನನಗೆ ಗೊತ್ತಾಯಿತು. ಗಾಡಿ ಹಾಳಾಗಬಾರದಲ್ಲ, ಚಾರ್ಜು ಮಾಡಿಸಿ ಇಡೋಣ ಅಂತ ಎಂದೆ.

ಅದು ಸುಳ್ಳು. ಗಾಡಿಯನ್ನು ಮಾರಲು ಒಪ್ಪಿಕೊಂಡಿದ್ದೇನೆ. ಎದುರು ಬೀದಿಯ ಪೇಂಟರ್ ನಾಳೆ ಬೆಳಗ್ಗೆ ಬರುತ್ತಾರೆ, ಸ್ಟಾರ್ಟ್ ಆದರೆ ಇಲ್ಲಿಂದಲೇ ಓಡಿಸಿಕೊಂಡು ಹೋಗುತ್ತಾರೆ. ವ್ಯಾಯಾಮ ಮಾಡಿಸುವ ಮೇಡಂ ನಿಮ್ಮನ್ನು ದಿನವೂ ಬೀದಿಗೆ ಕರೆದೊಯ್ಯಲು ಹೇಳಿದ್ದಾರೆ. ನಮ್ಮ ಬಾಗಿಲಿನಿಂದ ಬೀದಿಗೆ ಹೋಗುವ ಓಣಿಯಂಥ ಹಾದಿಯಲ್ಲಿ ಆ ಬೈಕು ನಿಂತಿದ್ದರೆ ಗಾಲಿಕುರ್ಚಿ ಹಾಯುವುದಿಲ್ಲ. ಟೇಪು ಹಿಡಿದು ಮೂರು ಸಲ ಅಳೆದೆ. ಎರಡಕ್ಕೂ ಜಾಗವಿಲ್ಲ. ಬೇರೆಲ್ಲಿ ನಿಲ್ಲಿಸೋಣವೆಂದರೆ ಬೀದಿಯಲ್ಲೂ ಜಾಗವಿಲ್ಲ. ಇದನ್ನೆಲ್ಲ ಲೆಕ್ಕ ಹಾಕಿದೆ, ನಿಮ್ಮನ್ನು ಕೇಳುವುದೊಂದನ್ನು ಬಿಟ್ಟೆ. ನೀವೇ ಹೇಳಿಕೊಟ್ಟ ಉಪಾಯದಿಂದ ನಿಮ್ಮದೇ ಗಾಡಿಯನ್ನು ನಿಮಗೆ ತಿಳಿಯದಂತೆ ಸಾಗಿಸಲು ಹೊರಟವಳು ನಾನು. ತಪ್ಪಾಯಿತು.

ನೀವು ಎದ್ದ ಮೇಲೆ ಈ ಕಾಗದವನ್ನು ನಿಮ್ಮ ಎದುರು ಹಿಡಿದು ನಿಲ್ಲುತ್ತೇನೆ. ನಿಧಾನವಾಗಿ ಓದಿ. ಗಾಡಿ ಕೊಡೋಣವೇ, ಬೇಡವೇ? ಬೇಡ ಎಂದು ತಲೆಯಾಡಿಸಿದರೆ ಕುರ್ಚಿಗೆ ಬೇರೆ ದಾರಿ ಹುಡುಕೋಣ, ಸಿಗದಿದ್ದರೆ ಇಬ್ಬರೂ ಕೂತು ಬೈದುಕೊಳ್ಳೋಣ. ಇವತ್ತೇ ಹೇಳಬೇಕೆಂದಿಲ್ಲ. ನಾಳೆ ಪೇಂಟರ್ ಬಂದ ಮೇಲೂ ನೀವು ಯೋಚಿಸುತ್ತಲೇ ಇದ್ದರೆ, ಅವರು ಬಾಗಿಲಲ್ಲಿ ಕಾಯಲಿ.

ನೂರು ವರ್ಷ ಬಾಳಿ. ಸ್ವಲ್ಪ ತೂಕ ಇಳಿಸಿಕೊಂಡು ಬಾಳಿ, ಎತ್ತಿ ಕೂರಿಸುವವಳು ನಾನೊಬ್ಬಳೇ.

ನಿಮ್ಮ ಉತ್ತರಕ್ಕೆ ಕಾದಿರುವ,
ನಿಮ್ಮವಳು